ಹೊದಿಕೆಯಿಲ್ಲದ ಆಕಾಶ: ಕರ್ನಾಟಕದ ಚಳಿ ಮತ್ತು ವರ್ಷದ ಅತಿ ತಣ್ಣನೆಯ ಹೊತ್ತು



ಈ ದತ್ತಿ ಉಪನ್ಯಾಸದ ವಿಷಯದ ಆಯ್ಕೆಯನ್ನು ನೀವು ನನಗೇ ಬಿಟ್ಟಿರಿ. ಸಭೆ ಜನವರಿಯಲ್ಲಿ ಎಂದು ತಿಳಿದಾಗ ಚಳಿಯ ಬಗ್ಗೆಯೇ ಮಾತಾಡುತ್ತೇನೆ ಎಂದು ಒಪ್ಪಿಕೊಂಡೆ. ಮೂವತ್ತು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಆದರೆ ಚಳಿಯ ಮೊದಲ ಪಾಠ ನನಗಾದದ್ದು ವಿಜಯಪುರ ಜಿಲ್ಲೆಯ ನಮ್ಮ ಹೊಲದಲ್ಲಿ. ಹಿಂಗಾರಿ ಬಿಳಿಜೋಳ ತೆನೆ ಕಟ್ಟುವ ದಿನಗಳಲ್ಲಿ ಅಪ್ಪನ ಜೊತೆ ರಾತ್ರಿ ಹೊಲ ಕಾಯಲು ಹೋಗುತ್ತಿದ್ದೆ. ಕೌದಿ ಹೊದ್ದು ಅಂಗಾತ ಮಲಗಿದರೆ ಮೇಲೆ ಚುಕ್ಕಿಗಳ ರಾಶಿ. ಅಪ್ಪ ಒಮ್ಮೆ ಮೇಲೆ ನೋಡಿ ಹೇಳುತ್ತಿದ್ದರು: “ಚುಕ್ಕಿ ನಿಚ್ಚಳ ಅದಾವು. ಇವತ್ತ ಥಂಡಿ ಜೋರ್ ಆಗ್ತೈತಿ, ಕೌದಿ ಸರಿಯಾಗಿ ಹೊಚ್ಚಿಕೋ. ಮ್ಯಾಲ ಹೊದಿಕಿ ಇಲ್ಲ ನೋಡು.” ಮೋಡ ಕಟ್ಟಿದ ರಾತ್ರಿ ಇದೇ ಅಪ್ಪ ಬರೀ ಧೋತರದ ಮೇಲೊಂದು ಅಂಗಿಯಲ್ಲಿ ಕೂತಿರುತ್ತಿದ್ದರು.

ಆಕಾಶಕ್ಕೆ ಹೊದಿಕೆ ಇದೆಯೋ ಇಲ್ಲವೋ ಎಂಬ ಆ ಒಂದು ಮಾತನ್ನು ಬಿಡಿಸಿ ಹೇಳುವುದಷ್ಟೇ ಇವತ್ತಿನ ನನ್ನ ಕೆಲಸ. ಚಳಿ ಎಂದರೆ ಸೂರ್ಯ ದೂರವಾಗುವುದು, ಹಗಲು ಚಿಕ್ಕದಾಗುವುದು ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಯುರೋಪಿನ ಚಳಿಗೆ ಹಗಲು ಚಿಕ್ಕದಾಗುವ ಕಾರಣ ಬಹುಮಟ್ಟಿಗೆ ಸಾಕಾಗುತ್ತದೆ. ಕರ್ನಾಟಕದ ಚಳಿಗೆ ಸಾಕಾಗುವುದಿಲ್ಲ. ನಮ್ಮದು ರಾತ್ರಿಯ ಚಳಿ. ಅದರ ಲೆಕ್ಕ ಸೂರ್ಯನಿಗಿಂತ ಹೆಚ್ಚಾಗಿ ಆಕಾಶದ ಸ್ವಚ್ಛತೆಗೆ ಸೇರಿದ್ದು.

ಮೊದಲು ಸೂರ್ಯನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿಬಿಡೋಣ. ಡಿಸೆಂಬರ್ 21 ಅಥವಾ 22 ನಮಗೆ ವರ್ಷದ ಅತಿ ಚಿಕ್ಕ ಹಗಲು. ಆದರೆ ಎಷ್ಟು ಚಿಕ್ಕದು? ಬೆಂಗಳೂರಿನಲ್ಲಿ ಆ ದಿನ ಸೂರ್ಯ ಸುಮಾರು 11 ಗಂಟೆ 22 ನಿಮಿಷ ಬಾನಿನಲ್ಲಿರುತ್ತಾನೆ. ಜೂನ್ 21ರ ಅತಿ ದೊಡ್ಡ ಹಗಲಿಗೂ ಅದಕ್ಕೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಮಧ್ಯಾಹ್ನ ಅವನು ದಿಗಂತದಿಂದ ಸುಮಾರು 54 ಡಿಗ್ರಿ ಎತ್ತರಕ್ಕೆ ಏರುತ್ತಾನೆ, ದೆಹಲಿಯಲ್ಲಿ ಅದೇ ದಿನ 38 ಡಿಗ್ರಿ ಮಾತ್ರ. ಹೀಗಾಗಿ ನಮ್ಮ ಡಿಸೆಂಬರ್ ಮಧ್ಯಾಹ್ನದ ಬಿಸಿಲಿನಲ್ಲಿ ನೆತ್ತಿಯ ಮೇಲಿನ ಸೂರ್ಯನ ಬಿಸಿಲಿನ ಐದರಲ್ಲಿ ನಾಲ್ಕು ಪಾಲು ಬಲ ಇದ್ದೇ ಇರುತ್ತದೆ. ಸಾಲದ್ದಕ್ಕೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದೂ ಜನವರಿಯ ಮೊದಲ ವಾರದಲ್ಲೇ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ. ಜುಲೈ ಆರಂಭದಲ್ಲಿ ಆ ದೂರ 15.2 ಕೋಟಿ. ಅಂದರೆ ನಾವು ಸ್ವೆಟರ್ ಹುಡುಕುವ ದಿನಗಳಲ್ಲಿ ಇಡೀ ಭೂಮಿಗೆ ಬಂದು ತಲುಪುವ ಬಿಸಿಲು ಜುಲೈಗಿಂತ ಶೇ. 7ರಷ್ಟು ಹೆಚ್ಚು. ಸೂರ್ಯ ದೂರವಾದದ್ದರಿಂದ ಚಳಿ ಎಂಬ ಮಾತನ್ನು ಇನ್ನು ಮೇಲಾದರೂ ಮಕ್ಕಳಿಗೆ ಹೇಳಬಾರದು.

ಹಾಗಾದರೆ ಅತಿ ಚಿಕ್ಕ ಹಗಲು ಡಿಸೆಂಬರಿನಲ್ಲಿದ್ದರೂ ಅತಿ ಚಳಿಯ ರಾತ್ರಿಗಳು ಜನವರಿಯಲ್ಲಿ ಏಕೆ? ಇದಕ್ಕೆ ಪುಸ್ತಕದ ಉತ್ತರ ಸರಿಯಾಗಿಯೇ ಇದೆ. ಬಚ್ಚಲ ಹಂಡೆಯ ಒಲೆ ಆರಿಸಿದ ಕ್ಷಣಕ್ಕೆ ನೀರು ತಣ್ಣಗಾಗುವುದಿಲ್ಲ. ಒಲೆಯಲ್ಲಿ ಉರಿ ಸಣ್ಣಗಾಗಿ, ಮತ್ತೆ ದೊಡ್ಡದಾಗತೊಡಗಿದರೂ, ಹಂಡೆ ಕಳೆದುಕೊಳ್ಳುವ ಬಿಸಿ ಪಡೆಯುವ ಬಿಸಿಗಿಂತ ಹೆಚ್ಚಿರುವವರೆಗೆ ನೀರು ತಣಿಯುತ್ತಲೇ ಹೋಗುತ್ತದೆ. ಡಿಸೆಂಬರ್ 22ರಿಂದ ಹಗಲು ಬೆಳೆಯತೊಡಗಿದರೂ, ಮಣ್ಣಿನ ಆಳದಲ್ಲಿ ಉಳಿದ ಮಳೆಗಾಲದ, ಬೇಸಿಗೆಯ ಬಿಸಿ ಇನ್ನೂ ಸೋರುತ್ತಿರುತ್ತದೆ. ಒಂದು ದಿನದ ಒಳಗೂ ಇದೇ ಕತೆ. ಸೂರ್ಯ ನೆತ್ತಿಗೆ ಬರುವುದು ಮಧ್ಯಾಹ್ನ ಹನ್ನೆರಡೂಕಾಲಕ್ಕೆ, ಸೆಕೆ ಏರುವುದು ಎರಡೂವರೆ ಮೂರಕ್ಕೆ. ರಾತ್ರಿಯ ಅತಿ ತಣ್ಣನೆಯ ಕ್ಷಣ ಮಧ್ಯರಾತ್ರಿಯಲ್ಲ, ಸೂರ್ಯ ಹುಟ್ಟುವ ಹೊತ್ತು. ಬೆಳಕು ಹರಿದ ಮೇಲೂ ಸ್ವಲ್ಪ ಹೊತ್ತು ಪಾದರಸ ಇಳಿಯುವುದನ್ನು ನಾನೇ ನೋಡಿದ್ದೇನೆ. ಮೊದಲ ಕಿರಣಗಳ ಬಿಸಿ ನೆಲದ ನಷ್ಟವನ್ನು ತುಂಬಲು ಸಾಲದು.

ಆದರೆ ನಮ್ಮಲ್ಲಿ ಈ ಹಂಡೆಯ ಲೆಕ್ಕದ ಮೇಲೆ ಇನ್ನೊಂದು ಲೆಕ್ಕ ಕೂಡುತ್ತದೆ. ಅದು ಕಾಣಬೇಕಾದರೆ ಸರಾಸರಿಗಳನ್ನು ಬಿಚ್ಚಿ ನೋಡಬೇಕು.

ಭಾರತೀಯ ಹವಾಮಾನ ಇಲಾಖೆ ಶುರುವಾದದ್ದು 1875ರಲ್ಲಿ. ಅದರ ವೀಕ್ಷಣಾಲಯಗಳಲ್ಲಿ ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಬಿಳಿ ಬಣ್ಣದ, ಪಟ್ಟಿ ಪಟ್ಟಿ ಕಿಂಡಿಗಳಿರುವ ಮರದ ಪೆಟ್ಟಿಗೆಯೊಂದು ನಿಂತಿರುತ್ತದೆ. ಸ್ಟೀವನ್‌ಸನ್ ಪೆಟ್ಟಿಗೆ ಎಂದು ಅದಕ್ಕೆ ಹೆಸರು. ಮಾಡಿದವರು ಸ್ಕಾಟ್ಲೆಂಡಿನ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್, ಕಾದಂಬರಿಕಾರ ರಾಬರ್ಟ್ ಲೂಯಿ ಸ್ಟೀವನ್‌ಸನ್‌ರ ತಂದೆ. ಪೆಟ್ಟಿಗೆಯೊಳಗೆ ದಿನದ ಗರಿಷ್ಠವನ್ನು ಹಿಡಿದಿಡುವ ಪಾದರಸದ ಉಷ್ಣಮಾಪಕ ಒಂದು, ಕನಿಷ್ಠವನ್ನು ಹಿಡಿದಿಡುವ ಆಲ್ಕೋಹಾಲಿನ ಉಷ್ಣಮಾಪಕ ಇನ್ನೊಂದು. ಬೆಳಗಿನ 8.30ಕ್ಕೆ ಕನಿಷ್ಠವನ್ನು ಓದಿ ಬರೆಯುತ್ತಾರೆ. ಗರಿಷ್ಠ, ಕನಿಷ್ಠ ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ ಆ ದಿನದ ಸರಾಸರಿ. ಮೂವತ್ತು ವರ್ಷಗಳ ಇಂಥ ಲೆಕ್ಕಕ್ಕೆ ನಮ್ಮ ಪತ್ರಿಕೆಗಳು ಬಳಸುವ ಮಾತು ‘ವಾಡಿಕೆ’. ‘ವಾಡಿಕೆಗಿಂತ ಎರಡು ಡಿಗ್ರಿ ಕಡಿಮೆ’ ಎಂದು ಓದುವಾಗ ಆ ವಾಡಿಕೆ ಈಗ 1991ರಿಂದ 2020ರವರೆಗಿನ ಮೂವತ್ತು ವರ್ಷಗಳದು ಎಂದು ನೆನಪಿಡಬೇಕು. ನನಗೆ ಈ ಮಾತು ಬಹಳ ಇಷ್ಟ. ಒಂದು ಊರಿಗೂ ಅದರ ಹವೆಗೂ ನಡುವಿನ ಹಳೆಯ ಬಳಕೆಯನ್ನು ಅದು ಹೇಳುತ್ತದೆ.

ಬೆಂಗಳೂರಿನ ವಾಡಿಕೆಯನ್ನೇ ನೋಡಿ. ಜನವರಿಯಲ್ಲಿ ಹಗಲಿನ ಗರಿಷ್ಠ ಸುಮಾರು 28 ಡಿಗ್ರಿ ಸೆಲ್ಸಿಯಸ್, ರಾತ್ರಿಯ ಕನಿಷ್ಠ ಸುಮಾರು 16. ಡಿಸೆಂಬರಿನಲ್ಲಿ ಗರಿಷ್ಠ ಸುಮಾರು 27, ಕನಿಷ್ಠ ಜನವರಿಗಿಂತ ತುಸು ಮೇಲೆ. ಕೂಡಿಸಿ ಅರ್ಧ ಮಾಡಿದರೆ ಎರಡೂ ತಿಂಗಳು 22ರ ಆಸುಪಾಸಿಗೆ ಬಂದು ನಿಲ್ಲುತ್ತವೆ. ಸರಾಸರಿಯ ಕಣ್ಣಿಗೆ ಇವು ಅವಳಿ ತಿಂಗಳು. ಬೆಂಗಳೂರಿನಲ್ಲಿ ಬಾಳಿದವರಿಗೆ ಮಾತ್ರ ಇವುಗಳ ಸ್ವಭಾವ ಬೇರೆ ಬೇರೆ ಎಂದು ಗೊತ್ತು. ಡಿಸೆಂಬರಿನ ಮೊದಲ ಅರ್ಧದಲ್ಲಿ ಬಂಗಾಳಕೊಲ್ಲಿಯಿಂದ ವಾಯುಭಾರ ಕುಸಿತಗಳು ತಮಿಳುನಾಡಿನ ಕಡೆ ಬರುತ್ತವೆ. 2022ರ ಡಿಸೆಂಬರಿನಲ್ಲಿ ಮಾಂಡೌಸ್ ಚಂಡಮಾರುತ ಮಾಮಲ್ಲಪುರದ ಬಳಿ ದಡ ಸೇರಿದಾಗ ಬೆಂಗಳೂರಿನ ಜನ ಮಟ ಮಟ ಮಧ್ಯಾಹ್ನವೂ ಮಫ್ಲರ್ ಸುತ್ತಿಕೊಂಡು ಓಡಾಡಿದರು. ಹಗಲು ಪೂರ್ತಿ ಬೂದಿ ಬಣ್ಣ, ಜಿಟಿಜಿಟಿ ಹನಿ. ಆದರೆ ಅಂಥ ದಿನಗಳ ರಾತ್ರಿ ಪಾದರಸ ಬಹಳ ಕೆಳಗೆ ಹೋಗುವುದೇ ಇಲ್ಲ. ಜನವರಿಯಲ್ಲಿ ಎಲ್ಲ ತಲೆಕೆಳಗು: ಹತ್ತು ಗಂಟೆಗೆಲ್ಲ ಚುರುಕು ಬಿಸಿಲು, ನಸುಕಿನಲ್ಲಿ ಕೊರೆಯುವ ಚಳಿ. ಹಗಲು 28 ರಾತ್ರಿ 16 ಆದರೂ ಸರಾಸರಿ 22, ಹಗಲು 24 ರಾತ್ರಿ 20 ಆದರೂ ಸರಾಸರಿ 22. ಮೊದಲನೆಯದು ತೆರೆದ ಆಕಾಶ, ಎರಡನೆಯದು ಮುಚ್ಚಿದ ಆಕಾಶ. ಅವರೆ ಗಿಡಕ್ಕೂ ಮಾವಿನ ಮರಕ್ಕೂ ಈ ಎರಡು ದಿನ ಒಂದೇ ಅಲ್ಲ.

ಇನ್ನೂ ಒಂದು ಅಂಕಿ ಹೇಳಬೇಕು, ಮೊದಲ ಸಲ ನೋಡಿದಾಗ ನನಗೇ ನಂಬಿಕೆ ಬರಲಿಲ್ಲ. ಬೆಂಗಳೂರಿನ ಜುಲೈ, ಆಗಸ್ಟ್ ತಿಂಗಳ ಹಗಲಿನ ಗರಿಷ್ಠವೂ ಸುಮಾರು 28 ಡಿಗ್ರಿಯೇ. ಹಗಲನ್ನು ಮಾತ್ರ ನೋಡಿದರೆ ಚಳಿಗಾಲಕ್ಕೂ ಮಳೆಗಾಲಕ್ಕೂ ಗೆರೆ ಎಳೆಯುವುದೇ ಕಷ್ಟ. ರಾತ್ರಿಗೆ ಬಂದಾಗ ಮಾತ್ರ ಜನವರಿ ಮೂರ್ನಾಲ್ಕು ಡಿಗ್ರಿ ಕೆಳಗಿಳಿಯುತ್ತದೆ. ಬೆಂಗಳೂರಿನ ಚಳಿಗಾಲ ಇರುವುದು ಆ ಮೂರ್ನಾಲ್ಕು ಡಿಗ್ರಿಯೊಳಗೆ.

ಈಗ ಘಟ್ಟ ಇಳಿದು ಮಂಗಳೂರಿಗೆ ಬನ್ನಿ. ಅಲ್ಲಿ ಜನವರಿಯ ಮಧ್ಯಾಹ್ನ ಪಾದರಸ 33ರ ಹತ್ತಿರ ಹೋಗುತ್ತದೆ, ಜುಲೈನಲ್ಲಿ 29ರ ಆಸುಪಾಸಿನಲ್ಲೇ ಉಳಿಯುತ್ತದೆ. ರಾತ್ರಿಗಳನ್ನೂ ಸೇರಿಸಿ ಸರಾಸರಿ ತೆಗೆದರೆ ಅಲ್ಲಿ ವರ್ಷದ ಅತಿ ತಂಪಾದ ಕಾಲ ಜನವರಿಯಲ್ಲ, ಮಳೆ ಸುರಿಯುವ ಜುಲೈ–ಆಗಸ್ಟ್. ಮಳೆಗಾಲದ ದಟ್ಟ ಮೋಡ ಬಿಸಿಲನ್ನು ತಡೆಯುತ್ತದೆ. ಜನವರಿಯಲ್ಲಾದರೋ ಆಕಾಶ ತೆರೆದಿರುತ್ತದೆ, ಮುಂಜಾನೆ ಪೂರ್ವದಿಂದ ಬೀಸುವ ಗಾಳಿ ಘಟ್ಟದಿಂದ ಕೆಳಗಿಳಿಯುವಾಗ ಒತ್ತಿ ಬಿಸಿಯಾಗುತ್ತದೆ. ‘ಚಳಿಗಾಲದಲ್ಲಿ ಮಂಗಳೂರಿಗೆ ಹೋಗಿ ಬೆವರಿ ಬಂದೆವು’ ಎನ್ನುವ ಬಯಲುಸೀಮೆಯವರ ದೂರು ನ್ಯಾಯವಾದದ್ದೇ. ಮಡಿಕೇರಿಯದು ಇನ್ನೊಂದು ಬಗೆ. ಅಲ್ಲಿ ಜುಲೈ ತಿಂಗಳ ಹಗಲು 20–22 ಡಿಗ್ರಿ ದಾಟುವುದೇ ಕಷ್ಟ, ಜನವರಿಯ ಹಗಲು ಅದಕ್ಕಿಂತ ಬೆಚ್ಚಗೆ. ಕೊಡಗಿನ ಅತಿ ತಣ್ಣನೆಯ ಹಗಲು ಮಳೆಗಾಲದ್ದು, ಅತಿ ತಣ್ಣನೆಯ ರಾತ್ರಿ ಚಳಿಗಾಲದ್ದು. ಒಂದೇ ರಾಜ್ಯದೊಳಗೆ ‘ವರ್ಷದ ಅತಿ ತಣ್ಣನೆಯ ಹೊತ್ತು ಯಾವುದು’ ಎಂಬ ಪ್ರಶ್ನೆಗೆ ಹೀಗೆ ಬೇರೆ ಬೇರೆ ಉತ್ತರ. ಎಲ್ಲದರಲ್ಲೂ ಒಳಗೆ ಇರುವುದು ಮೋಡವೇ: ಹಗಲು ಮುಚ್ಚಿಕೊಂಡರೆ ತಂಪು, ರಾತ್ರಿ ತೆರೆದುಕೊಂಡರೆ ಚಳಿ.

ತೆರೆದ ಆಕಾಶ ನೆಲವನ್ನು ಹೇಗೆ ತಣಿಸುತ್ತದೆ ಎಂಬುದನ್ನು ಕೊಂಚ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇವತ್ತಿನ ಮಾತಿನ ತಿರುಳು ಇಲ್ಲಿದೆ. ಬಿಸಿ ಇರುವ ಯಾವ ವಸ್ತುವೂ ಕಣ್ಣಿಗೆ ಕಾಣದ ಕಿರಣಗಳ ರೂಪದಲ್ಲಿ ಬಿಸಿಯನ್ನು ಚೆಲ್ಲುತ್ತಲೇ ಇರುತ್ತದೆ. 15 ಡಿಗ್ರಿಯ ನೆಲ ಪ್ರತಿ ಚದರ ಮೀಟರಿನಿಂದ ಸುಮಾರು 390 ವ್ಯಾಟ್‌ನಷ್ಟು ಚೆಲ್ಲುತ್ತದೆ. ಮೇಲೆ ಮೋಡ ಇದ್ದರೆ ಅದರಲ್ಲಿ ಬಹುಪಾಲು ಮರಳಿ ನೆಲಕ್ಕೇ ಬರುತ್ತದೆ. ಮೋಡವಿಲ್ಲದಿದ್ದರೂ ಗಾಳಿಯಲ್ಲಿ ನೀರಾವಿ ತುಂಬಿದ್ದರೆ ಅದೂ ತೆಳು ಹೊದಿಕೆಯಂತೆ ಕೆಲಸ ಮಾಡುತ್ತದೆ. ಮೋಡವೂ ಇಲ್ಲ, ಗಾಳಿಯೂ ಒಣಗಿದೆ ಎಂದಾಗ ಚದರ ಮೀಟರಿಗೆ ನೂರು ವ್ಯಾಟ್‌ನವರೆಗೂ ಬಿಸಿ ಮರಳಿ ಬಾರದಂತೆ ಮೇಲೆ ಹೋಗಿಬಿಡುತ್ತದೆ. ಅಂಗಳದ ಪ್ರತಿ ಚದರ ಮೀಟರಿಗೂ ಹಳೆಯ ಕಾಲದ ಒಂದು ನೂರು ವ್ಯಾಟ್ ಬಲ್ಬು ರಾತ್ರಿಯಿಡೀ ಉರಿದು ಆಕಾಶಕ್ಕೆ ಬಿಸಿ ಕಳಿಸಿದಂತೆ.

ಜನವರಿಯಲ್ಲಿ ಬಯಲುಸೀಮೆಗೆ ಈ ಎರಡೂ ಕೂಡಿ ಬರುತ್ತವೆ. ಹಿಂಗಾರು ಮಳೆ ಮುಗಿದು ಆಕಾಶ ತೊಳೆದಿಟ್ಟಂತೆ ಇರುತ್ತದೆ. ಗಾಳಿಯೂ ಮೇಲ್ಮಣ್ಣೂ ಒಣಗಿರುತ್ತವೆ. ಹಸಿ ಮಣ್ಣು ಆಳದಿಂದ ಬಿಸಿಯನ್ನು ಸಲೀಸಾಗಿ ಮೇಲೆ ತಂದು ಕೊಡುತ್ತದೆ, ಒಣ ಮಣ್ಣಿಗೆ ಆ ಶಕ್ತಿ ಕಡಿಮೆ. ಮೇಲಿಂದ ಹೊದಿಕೆ ಹೋಯಿತು, ಕೆಳಗಿಂದ ಕಾವೂ ನಿಂತಿತು. ಡಿಸೆಂಬರ್ 21ರ ನಂತರವೂ ಚಳಿ ಬಲಿಯುವುದಕ್ಕೆ ನಮ್ಮಲ್ಲಿ ಹಂಡೆಯ ಲೆಕ್ಕದಷ್ಟೇ ಈ ಒಣಗುವಿಕೆಯೂ ಕಾರಣ.

ಆಕಾಶಕ್ಕೆ ಬಿಸಿ ಚೆಲ್ಲಿ ತಣಿಯುವ ಈ ಗುಟ್ಟು ನಮ್ಮ ದೇಶದ ಕೈಕಸುಬಿನವರಿಗೆ ವಿಜ್ಞಾನಿಗಳಿಗಿಂತ ಮೊದಲೇ ತಿಳಿದಿತ್ತು. ಬ್ರಿಟಿಷ್ ಸೇನಾಧಿಕಾರಿ ರಾಬರ್ಟ್ ಬಾರ್ಕರ್ 1775ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅಲಹಾಬಾದಿನ ಮಂಜುಗಡ್ಡೆ ತಯಾರಿಕೆಯನ್ನು ವರ್ಣಿಸಿದರು. ಬಯಲಿನಲ್ಲಿ ಆಳವಿಲ್ಲದ ಗುಂಡಿ ತೋಡಿ, ಒಣ ಕಬ್ಬಿನ ಸೋಗೆ, ದಂಟು ಹಾಸಿ, ಅದರ ಮೇಲೆ ಮೆರುಗಿಲ್ಲದ ಸಣ್ಣ ಮಣ್ಣಿನ ತಟ್ಟೆಗಳಲ್ಲಿ ಕಾಸಿ ಆರಿಸಿದ ನೀರು ತುಂಬಿ ಇಡುತ್ತಿದ್ದರು. ಗಾಳಿ ನಿಂತ, ಆಕಾಶ ತಿಳಿಯಾದ ರಾತ್ರಿಗಳ ಕೊನೆಗೆ, ಸೂರ್ಯ ಹುಟ್ಟುವ ಮುಂಚೆ, ತಟ್ಟೆಗಳಲ್ಲಿ ಮಂಜುಗಡ್ಡೆ. ಗಾಳಿಯ ಉಷ್ಣಾಂಶ ಸೊನ್ನೆಗೆ ಇಳಿಯದಿದ್ದಾಗಲೂ ನೀರು ಹೆಪ್ಪುಗಟ್ಟುತ್ತಿತ್ತು. ಕೆಳಗಿನ ಒಣ ಹುಲ್ಲು ನೆಲದ ಕಾವನ್ನು ತಡೆಯುತ್ತಿತ್ತು, ಮೇಲೆ ಆಕಾಶ ಬಿಸಿ ಹೀರುತ್ತಿತ್ತು. ಹುಲ್ಲು ಹಾಸಿದ ಆ ಕೈಗಳ ಹೆಸರು ಯಾರೂ ಬರೆದಿಡಲಿಲ್ಲ ಎಂಬುದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದರ ಭೌತಶಾಸ್ತ್ರ ನಿಚ್ಚಳವಾದದ್ದು 1814ರಲ್ಲಿ, ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಇಬ್ಬನಿಯ ಬಗ್ಗೆ ಬರೆದ ಪ್ರಬಂಧದಲ್ಲಿ. ಲಂಡನ್ನಿನ ತೋಟವೊಂದರಲ್ಲಿ ರಾತ್ರಿಗಟ್ಟಲೆ ಉಣ್ಣೆಯ ಎಳೆಗಳನ್ನು ಹರಡಿ, ತೂಗಿ ಅವರು ತೋರಿಸಿದ್ದು ಇಷ್ಟು: ಹುಲ್ಲು ಮೊದಲು ಗಾಳಿಗಿಂತ ತಣ್ಣಗಾಗುತ್ತದೆ, ಆಮೇಲೆ ಅದರ ಮೇಲೆ ಇಬ್ಬನಿ ಮೂಡುತ್ತದೆ. ಇಬ್ಬನಿ ‘ಬೀಳುತ್ತದೆ’ ಎನ್ನುವುದು ನಮ್ಮ ಮಾತಿನ ರೂಢಿ. ಅದು ಮೇಲಿಂದ ಬೀಳುವುದಿಲ್ಲ, ಇದ್ದಲ್ಲೇ ಕಟ್ಟುತ್ತದೆ.

ಇಬ್ಬನಿಯ ಮಾತು ಬಂದಾಗ ನಮ್ಮ ಕಡೆಯ ಕಡಲೆ ಹೊಲವನ್ನು ನೆನೆಯದಿರಲಾರೆ. ಕಡಲೆ ಗಿಡದ ಎಲೆಯ ಮೇಲಿನ ಸಣ್ಣ ರೋಮಗಳು ಹುಳಿ ರಸವನ್ನು ಒಸರುತ್ತವೆ. ಚಳಿಗಾಲದ ಬೆಳಗಿನಲ್ಲಿ ಇಬ್ಬನಿಯೊಂದಿಗೆ ಅದು ಬೆರೆತಿರುತ್ತದೆ. ಅವ್ವ ಶುಭ್ರವಾದ ಬಿಳಿ ಅರಿವೆಯನ್ನು ನಸುಕಿನಲ್ಲಿ ಗಿಡಗಳ ಮೇಲೆ ಹಾಸಿ ಎಳೆದು, ನೆನೆದ ಮೇಲೆ ಪಾತ್ರೆಗೆ ಹಿಂಡುತ್ತಿದ್ದಳು. ಅದೇ ಕಡ್ಲಿ ಹುಳಿ. ಹೊಟ್ಟೆನೋವಿಗೆ ಔಷಧಿ ಎಂದು ಸೀಸೆಯಲ್ಲಿ ವರ್ಷವಿಡೀ ಇಡುತ್ತಿದ್ದರು. ಮೋಡದ ರಾತ್ರಿಯ ಮರುದಿನ ಅರಿವೆ ನೆನೆಯುತ್ತಿರಲಿಲ್ಲ. ಆಕಾಶ ತೆರೆದಿತ್ತೋ ಮುಚ್ಚಿತ್ತೋ ಎಂಬುದನ್ನು ಅವ್ವ ಬೆಳಿಗ್ಗೆ ಅರಿವೆ ಹಿಂಡಿ ತಿಳಿಯುತ್ತಿದ್ದಳು, ಅಪ್ಪ ರಾತ್ರಿ ಚುಕ್ಕಿ ನೋಡಿ.

ಹೀಗೆ ನೆಲ ತಣಿದಾಗ ಅದನ್ನು ಮುಟ್ಟಿದ ಗಾಳಿಯೂ ತಣಿಯುತ್ತದೆ. ತಣ್ಣನೆ ಗಾಳಿ ಭಾರ, ಕೆಳಗೇ ಉಳಿಯುತ್ತದೆ. ಹಗಲಿನಲ್ಲಿ ಮೇಲೆ ಹೋದಂತೆ ತಂಪು, ಇಂಥ ರಾತ್ರಿಗಳಲ್ಲಿ ಮೇಲೆ ಹೋದಂತೆ ಬೆಚ್ಚಗೆ. ಹಳ್ಳಿಯಲ್ಲಿ ಬೆಳೆದವರು ಇದನ್ನು ಕಣ್ಣಾರೆ ಕಂಡಿದ್ದೀರಿ. ಸಂಜೆ ಒಲೆಯ ಹೊಗೆ ಮಾಡಿನ ಮೇಲೆ ಒಂದಷ್ಟು ಏರಿ, ಅಲ್ಲಿಗೆ ನಿಂತು, ಚಾಪೆ ಹಾಸಿದಂತೆ ಅಡ್ಡಕ್ಕೆ ಹರಡುತ್ತದೆ. ಮೇಲಿನ ಬೆಚ್ಚನೆ ಗಾಳಿ ಅದಕ್ಕೆ ಛಾವಣಿ. ದೂರದ ರೈಲಿನ ಸೀಟಿ ಬೇಸಿಗೆಯಲ್ಲಿ ಕೇಳದಿದ್ದದ್ದು ಚಳಿಗಾಲದ ರಾತ್ರಿ ಪಕ್ಕದ ಓಣಿಯಲ್ಲೇ ಕೂಗಿದಂತೆ ಕೇಳುವುದೂ ಅದರಿಂದಲೇ. ಮೇಲಕ್ಕೆ ಹೋಗಬೇಕಾದ ಸದ್ದು ಆ ಬೆಚ್ಚನೆ ಪದರದಲ್ಲಿ ಬಾಗಿ ಮರಳಿ ನೆಲಕ್ಕೆ ಬರುತ್ತದೆ. ಸುಮಾರು 1,478 ಮೀಟರ್ ಎತ್ತರದ ನಂದಿಬೆಟ್ಟದ ಮೇಲೆ ನಸುಕಿನಲ್ಲಿ ನಿಂತವರು ಕೆಳಗೆ ಹಾಲು ಚೆಲ್ಲಿದಂತೆ ಮಂಜು ತುಂಬಿರುವುದನ್ನು ನೋಡಿ ಫೋಟೊ ತೆಗೆಯುತ್ತಾರೆ. ಅವರು ನೋಡುತ್ತಿರುವುದು ರಾತ್ರಿಯಿಡೀ ತಗ್ಗಿಗೆ ಹರಿದು ನಿಂತ ತಣ್ಣನೆ ಗಾಳಿಯ ಕೆರೆಯನ್ನು. ಊಟಿಯ ಬಳಿಯ ತಲೈಕುಂದಾ ಕಣಿವೆಯಲ್ಲಿ ಹುಲ್ಲು ಬೆಳ್ಳಗೆ ಹೆಪ್ಪುಗಟ್ಟುವಾಗ ಪಕ್ಕದ ದಿಬ್ಬಗಳಲ್ಲಿ ಹಾಗಾಗದಿರುವುದಕ್ಕೂ ಇದೇ ಕಾರಣ. ತಗ್ಗಿನ ಹೊಲಕ್ಕೆ ಚಳಿ ಹೆಚ್ಚು ಎಂಬುದು ರೈತರಿಗೆ ಹೊಸ ಮಾತಲ್ಲ.

ಆದರೆ ನೆಲದ ಅಂಚಿನಲ್ಲಿ ಇನ್ನೂ ಒಂದು ಸೋಜಿಗ ಇದೆ, ಅದು ಬಯಲಾದದ್ದು ನಮ್ಮ ದೇಶದಲ್ಲಿ. ಎಲ್.ಎ. ರಾಮದಾಸ್ ಅವರು ಸಿ.ವಿ. ರಾಮನ್ನರ ಬಳಿ ಪಳಗಿ, ಮುಂದೆ ಪುಣೆಯಲ್ಲಿ ಕೃಷಿ ಹವಾಮಾನ ವಿಜ್ಞಾನವನ್ನು ಕಟ್ಟಿದವರು. 1932ರಲ್ಲಿ ಅವರು ಮತ್ತು ಎಸ್. ಆತ್ಮನಾಥನ್, ಗಾಳಿಯಿಲ್ಲದ ತಿಳಿ ರಾತ್ರಿಗಳಲ್ಲಿ ಅತಿ ತಣ್ಣನೆಯ ಗಾಳಿ ನೆಲಕ್ಕೆ ಅಂಟಿಕೊಂಡು ಇರುವುದಿಲ್ಲ, ಅದಕ್ಕಿಂತ ಒಂದು ಗೇಣೋ ಮೊಳವೋ ಮೇಲೆ ಇರುತ್ತದೆ ಎಂದು ಅಳೆದು ತೋರಿಸಿದರು. ಎಲ್ಲ ಪಠ್ಯಪುಸ್ತಕಗಳಿಗೂ ವಿರುದ್ಧವಾದ ಮಾತು. ನೆಲವೇ ತಣಿಯುತ್ತಿರುವಾಗ ಅದಕ್ಕಿಂತ ಮೇಲಿನ ಗಾಳಿ ಹೆಚ್ಚು ತಣ್ಣಗಿರುವುದು ಹೇಗೆ? ಅಳತೆಯಲ್ಲೇ ದೋಷವಿದೆ ಎಂದು ಹೊರದೇಶದ ವಿಜ್ಞಾನಿಗಳು ಬಹುಕಾಲ ಅನುಮಾನಪಟ್ಟರು. ಬೇರೆ ದೇಶಗಳಲ್ಲೂ ಅದೇ ಕಂಡ ಮೇಲೆ ಒಪ್ಪಿದರು. ಈಗ ಅದಕ್ಕೆ ರಾಮದಾಸ್ ಪದರ ಎಂದೇ ಹೆಸರು. ಅದರ ವಿವರಣೆಗೆ ಕೈ ಹಾಕಿದವರು ಬೆಂಗಳೂರಿನವರೇ. ರೊದ್ದಂ ನರಸಿಂಹ ಮತ್ತು ಅವರ ಜೊತೆಗಾರರು 1990ರ ದಶಕದಲ್ಲಿ ಗಣಿತದ ಸಿದ್ಧಾಂತ ಕಟ್ಟಿದರು. ಆಮೇಲೆ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಂಡ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳೇ ಆಕಾಶಕ್ಕೆ ಬಿಸಿ ಚೆಲ್ಲಿ ಆ ಪದರವನ್ನು ತಣಿಸುತ್ತವೆ ಎಂಬ ವಾದವನ್ನು ಪ್ರಯೋಗಗಳ ಬಲದೊಂದಿಗೆ ಮುಂದಿಟ್ಟಿತು. ನಮ್ಮೂರ ಬೆಳೆಗಳ ಕುಡಿಗಳೂ ಹೂಗಳೂ ಇರುವುದು ಆ ಗೇಣು, ಮೊಳದ ಎತ್ತರದಲ್ಲೇ. ಹವಾಮಾನ ಕೇಂದ್ರದ ಪೆಟ್ಟಿಗೆ ನಾಲ್ಕು ಅಡಿ ಎತ್ತರದಲ್ಲಿ 12 ಡಿಗ್ರಿ ಎಂದು ಹೇಳುವ ಬೆಳಿಗ್ಗೆ ಕಡಲೆಯ ಹೂವು ಅನುಭವಿಸಿದ ಚಳಿ ಬೇರೆಯದೇ ಆಗಿರುತ್ತದೆ.

ಬೀದರ್, ಕಲಬುರಗಿ, ವಿಜಯಪುರದ ಕಡೆಯವರು ಇಲ್ಲಿದ್ದರೆ, ‘ನಮ್ಮ ಥಂಡಿಯ ಮುಂದೆ ಬೆಂಗಳೂರಿನದು ಏನು’ ಎಂದು ಕೇಳಬಹುದು. ಸರಿಯಾದ ಮಾತು. ಅಲ್ಲಿ ಕೆಲವು ಚಳಿಗಾಲಗಳಲ್ಲಿ ಪಾದರಸ ಒಂದಂಕಿಗೆ ಇಳಿಯುತ್ತದೆ. ಬೀದರಿನ ಚಳಿಯಲ್ಲಿ ತೆರೆದ ಆಕಾಶದ ಜೊತೆಗೆ ಹೊರಗಿನಿಂದ ಬಂದ ಚಳಿಯೂ ಬೆರೆಯುತ್ತದೆ. ಹಿಮಾಲಯದಲ್ಲಿ ಹಿಮ ಸುರಿಸಿದ ಪಶ್ಚಿಮದ ವಾಯುಕ್ಷೋಭೆ ಮುಂದೆ ಸಾಗಿದ ಮೇಲೆ ಅದರ ಬೆನ್ನಿಗೇ ಒಣ ಶೀತಗಾಳಿ ವಾಯವ್ಯದಿಂದ ಇಳಿದು, ಮಧ್ಯಪ್ರದೇಶ, ಮರಾಠವಾಡ ದಾಟಿ ಬೀದರಿನ ಪ್ರಸ್ಥಭೂಮಿಗೆ ತಲುಪುತ್ತದೆ. ದಕ್ಷಿಣಕ್ಕೆ ಬಂದಂತೆ ಅದರ ಕಸುವು ಕುಗ್ಗುತ್ತದೆ. ಬಯಲು ಪ್ರದೇಶದಲ್ಲಿ ಕನಿಷ್ಠ ಉಷ್ಣಾಂಶ 10 ಡಿಗ್ರಿ ಅಥವಾ ಅದಕ್ಕೂ ಕೆಳಗಿಳಿದು, ಜೊತೆಗೆ ವಾಡಿಕೆಗಿಂತ 4.5 ಡಿಗ್ರಿಯಾದರೂ ಕಡಿಮೆಯಾದರೆ ಹವಾಮಾನ ಇಲಾಖೆ ಅದನ್ನು ಶೀತ ಅಲೆ ಎನ್ನುತ್ತದೆ. ಕರ್ನಾಟಕದಲ್ಲಿ ಆ ಮಾತು ಹೆಚ್ಚಾಗಿ ಕೇಳಿಬರುವುದು ಉತ್ತರದ ಜಿಲ್ಲೆಗಳಿಂದಲೇ. ಹಾಗಿದ್ದೂ ಅಲ್ಲಿಯ ಮಧ್ಯಾಹ್ನಗಳು 28–30 ಡಿಗ್ರಿಗೆ ಏರುತ್ತವೆ. ದೆಹಲಿಯಲ್ಲಿ ಮಂಜು ಕವಿದು ಹಗಲೂ ನಡುಗಿಸುವಂಥ ಚಳಿ ನಮ್ಮಲ್ಲಿ ಇಲ್ಲ.

ಬೆಂಗಳೂರಿನ ಅತಿ ಕಡಿಮೆ ಉಷ್ಣಾಂಶದ ದಾಖಲೆ 7.8 ಡಿಗ್ರಿ, 1884ರ ಜನವರಿ 13ರದು. ಆ ದಿನಾಂಕ ಸಂಕ್ರಾಂತಿಯ ಆಸುಪಾಸಿನದು ಎಂಬುದನ್ನು ಗಮನಿಸಿ. ಇಲ್ಲಿ ಪಂಚಾಂಗದ ಮಾತನ್ನು ತರಬೇಕು. ಉತ್ತರಾಯಣ ನಿಜವಾಗಿ ಶುರುವಾಗುವುದು ಡಿಸೆಂಬರ್ 21–22ಕ್ಕೆ, ಸೂರ್ಯ ಉತ್ತರಕ್ಕೆ ಹೊರಳಿದಾಗ. ಮಕರ ಸಂಕ್ರಾಂತಿಯನ್ನು ನಾವು ಆಚರಿಸುವುದು ಜನವರಿ 14 ಅಥವಾ 15ಕ್ಕೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನಕ್ಕೆ ತಿರುಗುತ್ತಿರುವುದರಿಂದ, ನಕ್ಷತ್ರಗಳನ್ನು ನೆಚ್ಚಿದ ನಮ್ಮ ಸಂಕ್ರಾಂತಿ ಸುಮಾರು 71–72 ವರ್ಷಕ್ಕೆ ಒಂದು ದಿನದಂತೆ ಮುಂದೆ ಜಾರುತ್ತ ಬಂದಿದೆ. ಸ್ವಾಮಿ ವಿವೇಕಾನಂದರು ಹುಟ್ಟಿದ್ದು 1863ರ ಜನವರಿ 12, ಅಂದು ಮಕರ ಸಂಕ್ರಾಂತಿ. ಒಂದೂವರೆ ಶತಮಾನದಲ್ಲಿ ಹಬ್ಬ ಜಾರಿದ್ದು ಕಣ್ಣಿಗೇ ಕಾಣುತ್ತದೆ. 1952ರಲ್ಲಿ ನೇಮಕವಾದ, ಮೇಘನಾದ ಸಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ಇದನ್ನೆಲ್ಲ ಲೆಕ್ಕ ಹಾಕಿಯೇ ರಾಷ್ಟ್ರೀಯ ಪಂಚಾಂಗದ ಪುಷ್ಯ ಮಾಸವನ್ನು ಡಿಸೆಂಬರ್ 22ಕ್ಕೆ ಆರಂಭಿಸಿತು. ಜನ ಅದನ್ನು ಮನೆಗೆ ಕರೆದುಕೊಳ್ಳಲಿಲ್ಲ.

ಈ ಜಾರುವಿಕೆಯನ್ನು ತಪ್ಪು ಎಂದು ಎತ್ತಿ ತೋರಿಸುವವರು ಬಹಳ. ನನಗೆ ಅದರಲ್ಲಿ ಬೇರೊಂದು ಕಾಣುತ್ತದೆ. ಖಗೋಳದ ಹಬ್ಬವಾಗಿದ್ದ ಸಂಕ್ರಾಂತಿ ಜಾರಿ ಜಾರಿ ನಮ್ಮ ಬಯಲುಸೀಮೆಯ ಚಳಿಯ ತಳಕ್ಕೆ ಬಂದು ನಿಂತಿದೆ. ಎಳ್ಳು ಬೆಲ್ಲ ಹಂಚುವ, ಸಜ್ಜೆ ರೊಟ್ಟಿಗೆ ಎಳ್ಳು ಒತ್ತುವ ದಿನ ಮೈಗೆ ಎಣ್ಣೆಯಂಶ ಬೇಕಾಗುವ ದಿನವೇ ಆಗಿದೆ. ಅದಕ್ಕೆ ಮುಂಚಿನ ಒಂದು ತಿಂಗಳ ಧನುರ್ಮಾಸದಲ್ಲಿ ನಸುಕಿಗೆ ಎದ್ದು, ಮಿಂದು, ಹುಗ್ಗಿ ಮಾಡುತ್ತಾರೆ. ಚಳಿ ಬಲಿಯುವ ತಿಂಗಳಿನ ಅತಿ ಚಳಿಯ ಗಂಟೆಯನ್ನೇ ಆರಿಸಿಕೊಂಡಂತೆ. ಮಾಘದಿಂದ ಬಂದ ‘ಮಾಗಿ’ ಎಂಬ ಹೆಸರು ಚಳಿಯನ್ನು ಇನ್ನೂ ಮುಂದೆ, ಜನವರಿಯ ಕೊನೆ, ಫೆಬ್ರುವರಿಯವರೆಗೂ ಒಯ್ಯುತ್ತದೆ. ಹವಾಮಾನ ಇಲಾಖೆಯೂ ಚಳಿಗಾಲ ಎಂದು ಕರೆಯುವುದು ಜನವರಿ–ಫೆಬ್ರುವರಿಯನ್ನೇ, ಡಿಸೆಂಬರ್ ಅದರ ಲೆಕ್ಕದಲ್ಲಿ ಇನ್ನೂ ಹಿಂಗಾರಿಗೆ ಸೇರಿದ ತಿಂಗಳು. ‘ಡಿಸೆಂಬರ್ ಚಳಿ’ ಎನ್ನುವುದು ನಗರದ ಮಾತು, ‘ಮಾಗಿ ಚಳಿ’ ಎನ್ನುವುದು ನೆಲದ ಮಾತು.

ನಸುಕಿಗೆ ಏಳುವವರು ಇನ್ನೊಂದನ್ನು ಕಂಡಿರಬಹುದು. ಡಿಸೆಂಬರ್ 21ಕ್ಕೆ ಬೆಂಗಳೂರಿನಲ್ಲಿ ಸೂರ್ಯ ಸುಮಾರು 6.36ಕ್ಕೆ ಹುಟ್ಟುತ್ತಾನೆ. ಆಮೇಲೆ ಹಗಲು ಬೆಳೆಯುತ್ತಿದ್ದರೂ ಸೂರ್ಯೋದಯ ಹಿಂದೆ ಹಿಂದೆ ಹೋಗಿ, ಜನವರಿಯ ಕೊನೆಯ ವಾರದಲ್ಲಿ 6.46ಕ್ಕೆ ಮುಟ್ಟುತ್ತದೆ. ಹಗಲು ಬೆಳೆಯುವುದೆಲ್ಲ ಸಂಜೆಯ ತುದಿಯಲ್ಲಿ. ಭೂಮಿಯ ಓರೆ, ಮೊಟ್ಟೆಯಾಕಾರದ ಹಾದಿ ಎರಡೂ ಸೇರಿ ಗಡಿಯಾರಕ್ಕೂ ಸೂರ್ಯನಿಗೂ ಈ ಅಂತರ ತರುತ್ತವೆ. ಆರು ಗಂಟೆಯ ಬಸ್ಸು ಹಿಡಿಯುವ ಮಗುವಿಗೆ, ಹಾಲು ಹಂಚುವವನಿಗೆ, ಪೌರಕಾರ್ಮಿಕರಿಗೆ ವರ್ಷದ ಅತಿ ಕತ್ತಲ ಮುಂಜಾವು ಜನವರಿಯ ಕೊನೆಯದು. ಆ ರಾತ್ರಿಗಳ ಪಾದರಸವೂ ತಳ ಬಿಟ್ಟು ಇನ್ನೂ ಹೆಚ್ಚು ಮೇಲೆದ್ದಿರುವುದಿಲ್ಲ.

ಶಿವರಾತ್ರಿಗೆ ಚಳಿ ‘ಶಿವ ಶಿವ’ ಎನ್ನುತ್ತ ಹೊರಡುತ್ತದೆ ಎಂಬುದು ಹಿರಿಯರ ಮಾತು. ಇತ್ತೀಚೆಗೆ ಅದು ಹೊರಡುವ ಅವಸರ ಹೆಚ್ಚಾಗಿದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 2024 ಭಾರತಕ್ಕೆ 1901ರಿಂದೀಚೆಗಿನ ಅತಿ ಬೆಚ್ಚನೆಯ ವರ್ಷ, 2025ರ ಫೆಬ್ರುವರಿ ಅದೇ ಅವಧಿಯ ಅತಿ ಬೆಚ್ಚನೆಯ ಫೆಬ್ರುವರಿ. ನಗರಗಳಲ್ಲಿ ಇದರ ಮೇಲೆ ಇನ್ನೊಂದು ಭಾರ. ಕಾಂಕ್ರೀಟು, ಡಾಂಬರು ಹಗಲಿನ ಬಿಸಿಯನ್ನು ಕುಡಿದು ರಾತ್ರಿಯಿಡೀ ಕಕ್ಕುತ್ತವೆ, ಎತ್ತರದ ಗೋಡೆಗಳು ಒಂದಕ್ಕೊಂದು ಬಿಸಿ ಹಾಯಿಸುತ್ತವೆ. ಇಕ್ಕಟ್ಟಾದ ಓಣಿಯಲ್ಲಿ ನಿಂತು ಮೇಲೆ ನೋಡಿದರೆ ಕಾಣುವ ಆಕಾಶ ಒಂದು ಪಟ್ಟಿ. ಅಷ್ಟು ಕಿರಿದಾದ ಕಿಂಡಿಯಿಂದ ನೆಲ ಎಷ್ಟು ಬಿಸಿ ಹೊರಹಾಕೀತು? 1884ರ ಆ 7.8 ಡಿಗ್ರಿಯ ಹತ್ತಿರಕ್ಕೆ ಬೆಂಗಳೂರು ಮತ್ತೆ ಹೋಗುವುದನ್ನು ನಾವಾಗಲಿ ನಮ್ಮ ಮೊಮ್ಮಕ್ಕಳಾಗಲಿ ಕಾಣುವುದು ಅನುಮಾನ.

ಹೋದರೆ ಹೋಗಲಿ, ಚಳಿ ಯಾರಿಗೆ ಬೇಕು ಎನ್ನುವವರಿಗೆ ನಾನು ಕೋಲಾರದ, ಧಾರವಾಡದ ಮಾವಿನ ತೋಪುಗಳನ್ನು ತೋರಿಸುತ್ತೇನೆ. ಮಾವಿನ ಮೊಗ್ಗು ಎಲೆಯಾಗಬೇಕೋ ಹೂವಾಗಬೇಕೋ ಎಂಬುದರಲ್ಲಿ ಕೆಲವು ವಾರಗಳ ತಂಪು ರಾತ್ರಿಗಳಿಗೆ ದೊಡ್ಡ ಪಾಲಿದೆ. ರಾತ್ರಿ 15 ಡಿಗ್ರಿಯ ಸುತ್ತಮುತ್ತ ಇಳಿದರೆ ತೋಪು ಹೂಬಿಡುವ ಸಂಭವ ಹೆಚ್ಚು, ಬೆಚ್ಚಗೇ ಉಳಿದರೆ ಹೊಸ ಚಿಗುರು ಹೊರಡುತ್ತದೆ. ಅವರೆಕಾಯಿಯ ಸೊಗಡು ಇಬ್ಬನಿಯಿಂದ ಬರುತ್ತದೆ ಎಂದು ಮಾಗಡಿಯ ಕಡೆಯವರು ಹೇಳುವುದನ್ನು ಪ್ರಯೋಗಾಲಯದಲ್ಲಿ ಸಾಬೀತು ಮಾಡಲು ನನ್ನಿಂದಾಗದು. ಆದರೆ ಮೂಗಿನ ಆ ತೀರ್ಪನ್ನು ನಾನು ತಳ್ಳಿಹಾಕುವುದಿಲ್ಲ.

ಮೂವತ್ತು ವರ್ಷಕ್ಕೊಂದು ವಾಡಿಕೆ ಎಂದೆ. ಹತ್ತು ವರ್ಷಕ್ಕೊಮ್ಮೆ ಆ ಕಿಟಕಿಯನ್ನು ಮುಂದಕ್ಕೆ ಸರಿಸುತ್ತಾರೆ. 1981–2010 ಹೋಗಿ 1991–2020 ಬಂತು. ಬೆಚ್ಚಗಾದ ವರ್ಷಗಳು ಒಳಗೆ ಬಂದಂತೆಲ್ಲ ಹಳೆಯ ತಣ್ಣನೆ ವರ್ಷಗಳು ಲೆಕ್ಕದಿಂದ ಹೊರಗೆ ಹೋಗುತ್ತವೆ. ಹೀಗಾಗಿ ನಾಳೆ ‘ವಾಡಿಕೆಯ ಚಳಿ’ ಎಂದು ಪತ್ರಿಕೆ ಬರೆದಾಗ ಅದು ನನ್ನ ಅಪ್ಪನ ವಾಡಿಕೆಯಾಗಿರುವುದಿಲ್ಲ. ಊರಿನ ಹಳೆಯ ವಾಡಿಕೆ ಉಳಿಯಬೇಕಾದರೆ ಯಾರಾದರೂ ಬರೆದಿಡಬೇಕು. ಈ ಸಭೆಯಲ್ಲಿ ಶಾಲಾ ಶಿಕ್ಷಕರು ಹಲವರಿದ್ದೀರಿ. ಗರಿಷ್ಠ–ಕನಿಷ್ಠ ಉಷ್ಣಮಾಪಕಕ್ಕೆ ದೊಡ್ಡ ಖರ್ಚಿಲ್ಲ. ನೆರಳಿನಲ್ಲಿ, ಗಾಳಿಯಾಡುವಂತೆ, ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ, ಗೋಡೆಗೆ ತಾಗದಂತೆ ತೂಗುಹಾಕಿ. ನಾನು ಮೊದಲು ಜಗಲಿಯ ಗೋಡೆಗೇ ಮೊಳೆ ಹೊಡೆದು ಹಾಕಿ, ಒಂದು ಇಡೀ ಚಳಿಗಾಲ ಗೋಡೆಯ ಬಿಸಿಯನ್ನೇ ಊರಿನ ಉಷ್ಣಾಂಶವೆಂದು ಬರೆದಿದ್ದೆ. ಆ ಪುಟಗಳನ್ನು ಹರಿಯಲಿಲ್ಲ, ಪಕ್ಕದಲ್ಲಿ ಕಾರಣ ಬರೆದಿಟ್ಟಿದ್ದೇನೆ. ಬೆಳಿಗ್ಗೆ 8.30ಕ್ಕೆ ಮಕ್ಕಳಿಂದಲೇ ಓದಿಸಿ, ಒಂದೇ ದಪ್ಪ ರಟ್ಟಿನ ಪುಸ್ತಕದಲ್ಲಿ ಬರೆಸಿ. ಅಂಕಿಯ ಪಕ್ಕದಲ್ಲಿ ಇನ್ನೊಂದು ಕಾಲಮ್ಮು ಇರಲಿ: ರಾತ್ರಿ ಮಲಗುವ ಮುಂಚೆ ಚುಕ್ಕಿ ಕಾಣುತ್ತಿತ್ತೋ ಇಲ್ಲವೋ.